ಒಣಮೇಜಿನ ಬೀಗರು

ಮಗಳು ಒಪ್ಪಿದ ಹುಡುಗನ ಮನೆಯವರದು ಬೀಗದ ಅಂಗಡಿ ಎಂದು ಗೊತ್ತಾದ ದಿನ ಸಪ್ಲೈಯರ್ ಸಂಜೆಯಿಡೀ ಒಂದೇ ಚಟಾಕಿಯನ್ನು ಜಗಿದ. ಬೀಗದವರೇ ಬೀಗರಾದರೆ ಮನೆಗೆ ಕಳ್ಳರ ಭಯವಿಲ್ಲ ಎನ್ನುವುದು ಆ ಚಟಾಕಿ. ಹೆಂಡತಿ ಮೊದಲ ಸಲ ನಕ್ಕಳು, ಎರಡನೆಯ ಸಲ ಹೂಂ ಎಂದಳು, ಮೂರನೆಯ ಸಲಕ್ಕೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಜೋಡಿಸತೊಡಗಿದಳು. ಅವನ ಕಿವಿಗೇ ಅದು ಬೀಳಲಿಲ್ಲ. ಆರು ವರ್ಷದಿಂದ ಬಂದ ಸಂಬಂಧಗಳಿಗೆಲ್ಲ ಮೂಗು ಮುರಿದಿದ್ದ ಮಗಳು ಕೊನೆಗೂ ಒಬ್ಬನ ಸುದ್ದಿ ಹೇಳುವಾಗ ಕಿವಿ ಕೆಂಪಗೆ ಮಾಡಿಕೊಂಡಿದ್ದಳು. ಹೆತ್ತವನಿಗೆ ಇನ್ನೇನು ಬೇಕು.

ಹುಡುಗ ಸಿಕ್ಕಿದ್ದೂ ಬೀಗದಿಂದಲೇ. ಮಗಳು ಕೆಲಸ ಮಾಡುವ ಗ್ರಂಥಾಲಯದಲ್ಲಿ ಬೀರುವಿನ ಬೀಗದಕೈ ಒಳಗೇ ಮುರಿದು ಕೂತಿತ್ತು. ತೆಗೆಯಲು ಬಂದವನು ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ತೆಗೆದುಕೊಂಡ. ಮುಂದಿನ ವಾರ ಎಣ್ಣೆ ಬಿಡುವ ನೆಪದಲ್ಲಿ ಬಂದ. ಅದರ ಮುಂದಿನ ವಾರ, ಎಣ್ಣೆ ಹೆಚ್ಚಾಯಿತೇನೋ ನೋಡೋಣವೆಂದು ಬಂದ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಪೈಕಿ ಅಲ್ಲ ನಮ್ಮ ಪುಟ್ಟಿ ಎಂದು ಸಪ್ಲೈಯರ್ ಹೆಮ್ಮೆಪಟ್ಟ. ಪುಟ್ಟಿಗೆ ಆಗ ಇಪ್ಪತ್ತೊಂಬತ್ತು ವರ್ಷ.

ತೊಡಕು ಇದ್ದದ್ದು ಒಂದೇ. ಹುಡುಗ ಅಪ್ಪನ ಮಾತು ಮೀರುವವನಲ್ಲ. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಎರಡೂ ಕಡೆಯವರು ಕೂತು ಮಾತಾಡುವುದು. ಅಪ್ಪ ಹೂಂ ಅಂದರೆ ಮದುವೆ, ಉಹೂಂ ಅಂದರೆ ಅಲ್ಲಿಗೇ ಮುಗಿಯಿತು. ಮಗಳು ಇದನ್ನು ವಿವರಿಸಿ, ಅವರು ಕಡಿಮೆ ಮಾತಿನವರಂತೆ, ತೂಗಿ ನೋಡುವವರಂತೆ, ಅಪ್ಪ ದಯವಿಟ್ಟು ತನ್ನ ಹೋಟೆಲ್ ಪುರಾಣ ಬಿಚ್ಚಬಾರದು ಎಂದು ಕೈಮುಗಿದಳು. ಒಣಮೇಜಿನ ಕತೆಯಂತೂ ಬೇಡವೇ ಬೇಡ ಎಂದಳು. ಅಪ್ಪ ಆಣೆ ಇಟ್ಟ.

ಒಣಮೇಜಿನ ಕತೆ ಏನೆಂದು ಹೇಳದೆ ಮುಂದೆ ಹೋಗುವಂತಿಲ್ಲ.

ಸಪ್ಲೈಯರ್ ಒಂದೇ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಸವೆಸಿದವನು. ಕಿಟಕಿ ಸಾಲಿನ ನಾಲ್ಕು ಮೇಜು ಅವನ ಪಾಲಿನವು. ಸಂಬಳ ಹೊಟ್ಟೆಗೆ ಸರಿಹೋಗುತ್ತಿತ್ತು. ಮಗಳ ಶಾಲೆ, ಅವಳ ಕನ್ನಡಕ, ಹೆಂಡತಿಯ ಹೊಲಿಗೆ ಯಂತ್ರ, ಇವೆಲ್ಲ ಟಿಪ್ಸಿನಿಂದಲೇ ಮನೆಗೆ ಬಂದವು. ಹಾಗಾಗಿ ಟಿಪ್ಸಿನ ವಿಷಯದಲ್ಲಿ ಅವನು ದೊಡ್ಡ ಪಂಡಿತ. ಕೊಡುವವರಲ್ಲಿ ಎಷ್ಟು ಜಾತಿ ಎಂದು ಬೆರಳು ಮಡಚಿ ಹೇಳುತ್ತಿದ್ದ. ಜೊತೆಗೆ ಹೊಸ ಗೆಳತಿ ಇದ್ದರೆ ಮಾತ್ರ ಕೊಡುವವರು, ಇಡೀ ಹೋಟೆಲಿಗೆ ಕೇಳುವಂತೆ ಕೊಡುವವರು, ಕೊಟ್ಟ ಮೇಲೆ ನಮ್ಮ ಮುಖವನ್ನೇ ನೋಡುತ್ತ ನಿಲ್ಲುವವರು. ತೆಗೆದುಕೊಳ್ಳುವುದಕ್ಕೂ ಒಂದು ರೀತಿ ನೀತಿ ಇದೆ ಎನ್ನುತ್ತಿದ್ದ. ಕೊಡುವವರು ‘ಇರ್ಲಿ’ ಅಂದರೆ ಇಟ್ಟುಕೋ ಎಂದು, ನಾವು ‘ಇರ್ಲಿ’ ಅಂದರೆ ಬೇಡ ಎಂದು. ಒಂದೇ ಮಾತನ್ನು ಇಬ್ಬರೂ ಎರಡೆರಡು ಸಲ ಆಡಿ ಮುಗಿಸುವುದರೊಳಗೆ ದುಡ್ಡು ಜೇಬು ಸೇರಿರಬೇಕು, ಕಣ್ಣು ಮಾತ್ರ ದುಡ್ಡಿನ ಮೇಲೆ ಬಿದ್ದಿರಬಾರದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಅವನೇ ಕಲಿಸುತ್ತಿದ್ದ.

ಒಂಬತ್ತು ವರ್ಷದ ಹಿಂದೆ ಒಬ್ಬ ಆಸಾಮಿ ಭಾರದ ಚೀಲ ಹೊತ್ತು ಬಂದು ಕಿಟಕಿ ಸಾಲಿನ ಕೊನೆಯ ಮೇಜಿಗೆ ಕೂತ. ತಿಂದ, ಕಾಫಿ ಕುಡಿದ, ಬಿಲ್ಲಿನ ಪುಟ್ಟ ತಟ್ಟೆಯಲ್ಲಿ ಬಿಲ್ಲಿಗೆ ಸರಿಯಾಗಿ ದುಡ್ಡಿಟ್ಟು ಹೋದ. ಮೇಲೆ ಒಂದು ನಾಣ್ಯವಿಲ್ಲ. ಮರುದಿನವೂ ಅಷ್ಟೇ. ಮೂರನೆಯ ದಿನ ಸಪ್ಲೈಯರ್ ತೀರ್ಪು ಕೊಟ್ಟುಬಿಟ್ಟ. ಒಣ ಗಿರಾಕಿ, ಒಣ ಮೇಜು. ಅಂದಿನಿಂದ ಅಡುಗೆಮನೆಯ ಕಿಂಡಿಯಲ್ಲಿ ಅವನು “ಒಣಮೇಜಿಗೆ ಒಂದು ಕಾಫಿ” ಎಂದು ಕೂಗಿದರೆ, ಆ ಕಾಫಿಗೆ ಅವಸರವಿಲ್ಲ, ಕಲ್ಲಿನ ಮೇಲೆ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಅರ್ಥ. ಉಳಿದ ಮೂರು ಮೇಜಿನವರಿಗೆ ಕೊಟ್ಟು, ಅವರ ಯೋಗಕ್ಷೇಮ ವಿಚಾರಿಸಿ, ಆಮೇಲೆ ಅದನ್ನು ಒಯ್ದು ಇಟ್ಟು ಬರುತ್ತಿದ್ದ. ಇಟ್ಟ ಮೇಲೆ ಮತ್ತೆ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಎದ್ದು ಹೋದ ಮೇಲೆ ಕಪ್ಪು ಬಸಿ ಎತ್ತಿ ಮೇಜು ಒರೆಸುವುದು ತಟ್ಟೆಯಕ್ಕನ ಕೆಲಸ. ಆಕೆ ಹೋಟೆಲಿನಲ್ಲಿ ಎಂಜಲು ತಟ್ಟೆ ಎತ್ತುವ ಹೆಂಗಸು. ಉಳಿದ ಮೂರು ಮೇಜುಗಳನ್ನು ತಾನೇ ಒರೆಸುತ್ತಿದ್ದ ಸಪ್ಲೈಯರ್ ಇದೊಂದನ್ನು ಅವಳಿಗೆ ಬಿಟ್ಟುಕೊಟ್ಟಿದ್ದ.

ಆ ಆಸಾಮಿ ಯಾರು, ಏನು ಕೆಲಸ ಎಂದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಆದರೆ ಮನೆಯಲ್ಲಿ ಊಟದ ಹೊತ್ತಿಗೆ ಅವನ ನಟನೆ ಮಾಡಿ ತೋರಿಸುತ್ತಿದ್ದ. ಕಾಫಿ ಬಂದ ಕೂಡಲೇ ಆಸಾಮಿ ಎರಡು ಕೈಗಳನ್ನೂ ಮೂಗಿನ ಹತ್ತಿರ ತಂದು ಒಮ್ಮೆ ಮೂಸುತ್ತಾನೆ, ಆಮೇಲೆ ಎರಡೂ ಕೈಯಲ್ಲಿ ಕಪ್ಪು ಹಿಡಿದು ಒಂದೇ ಗುಟುಕಿಗೆ ಮುಗಿಸುತ್ತಾನೆ. ಸಪ್ಲೈಯರ್ ಹೀಗೆ ಮೂಸಿ ಕುಡಿದು ತೋರಿಸಿದರೆ ತಾಯಿ ಮಗಳು ಬಿದ್ದು ಬಿದ್ದು ನಗುತ್ತಿದ್ದರು. ಮಗಳು ಅಪ್ಪನಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ಮನೆಯಲ್ಲಿ ಯಾರಾದರೂ ಬಟ್ಟಲಲ್ಲಿ ಸಿಹಿ ಕಡಿಮೆ ಹಾಕಿದರೆ ‘ಒಣಮೇಜು ಬುದ್ಧಿ’ ಎನ್ನುವುದು ರೂಢಿಯಾಗಿತ್ತು.

ಭಾನುವಾರ ಬಂತು. ಬೀಗದ ಅಂಗಡಿಯ ಮೇಲೆಯೇ ಮನೆ. ಕಿರಿದಾದ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತಾಗ ಸಪ್ಲೈಯರ್‌ಗೆ ನಗು ಬಂತು. ಊರಿಗೆಲ್ಲ ಬೀಗ ಹಾಕುವವರ ಬಾಗಿಲಿಗೆ ಬರೀ ಒಂದು ಚಿಲಕ. ಇದರ ಮೇಲೆ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ತೆರೆದದ್ದು ಒಣಮೇಜಿನ ಆಸಾಮಿ.

ಅವನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಒಂಬತ್ತು ವರ್ಷ ‘ಅವನು’ ಆಗಿದ್ದ ಮನುಷ್ಯ ಒಂದೇ ಗಳಿಗೆಯಲ್ಲಿ ‘ಅವರು’ ಆಗಿಬಿಟ್ಟರು. ಬೀಗದವರು ಅವನ ಮುಖವನ್ನು ಎರಡು ಕ್ಷಣ ನೋಡಿ, ಬನ್ನಿ ಬನ್ನಿ ಎಂದು ಒಳಗೆ ಕರೆದು ಕೂರಿಸಿದರು. ಗುರುತು ಹತ್ತಿತೋ ಇಲ್ಲವೋ ಗೊತ್ತಾಗಲಿಲ್ಲ. ಸಮವಸ್ತ್ರವಿಲ್ಲ, ತಲೆಗೆ ಎಣ್ಣೆ ಹಾಕಿ ಬಾಚಿದ್ದೇನೆ, ಇಸ್ತ್ರಿ ಅಂಗಿ ಇದೆ, ಗೊತ್ತಾಗಿರಲಿಕ್ಕಿಲ್ಲ ಎಂದು ಸಪ್ಲೈಯರ್ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಕಂಕುಳು ಬೆವರಿತು. ಈ ಮನುಷ್ಯ ಒಂದು ಉಹೂಂ ಅಂದರೆ ಮಗಳ ಮದುವೆ ಇಲ್ಲ. ಉಹೂಂ ಅನ್ನುವುದಕ್ಕೆ ಬೇಕಾದಷ್ಟು ಕಾರಣವನ್ನು ತಾನೇ ಕೈಯಾರೆ, ದಿನಕ್ಕೊಂದು ಕಪ್ಪಿನಂತೆ, ಒಂಬತ್ತು ವರ್ಷ ಕೊಟ್ಟಿದ್ದಾನೆ.

ಪುಟ್ಟ ಕೋಣೆ. ಒಂದು ಗೋಡೆಯ ತುಂಬ ಮೊಳೆ ಹೊಡೆದು ಹಳೆಯ ಬೀಗಗಳನ್ನು ತೂಗುಹಾಕಿದ್ದರು. ಹುಡುಗ ತಲೆ ತಗ್ಗಿಸಿ ಕುರ್ಚಿಯ ಕೈಗೆ ಅಂಟಿದ್ದ ಬಣ್ಣ ಕೆರೆಯುತ್ತಿದ್ದ. ಹೆಂಗಸರು ಮಾತು ಶುರುಮಾಡಿದರು. ಮೆಟ್ಟಿಲು ಹತ್ತುವುದು ಕಷ್ಟವಾಯಿತೇನೋ, ಇಲ್ಲಪ್ಪ ಏನಿಲ್ಲ, ಬಿಸಿಲು ಜಾಸ್ತಿ, ಹೌದು ಈ ವರ್ಷ ಜಾಸ್ತಿಯೇ. ಸಪ್ಲೈಯರ್ ಮಾತ್ರ ಗಂಟಲಲ್ಲಿ ಕಡುಬು ಸಿಕ್ಕಿಕೊಂಡವನ ಹಾಗೆ ಕೂತಿದ್ದ. ಸಾಮಾನ್ಯವಾಗಿ ಅವನ ಬಾಯಿ ಮುಚ್ಚಿಸಲು ಮೊಣಕೈಯಲ್ಲಿ ತಿವಿಯುತ್ತಿದ್ದ ಹೆಂಡತಿ ಇವತ್ತು ಬಾಯಿ ಬಿಡಿಸಲು ತಿವಿದಳು.

ಕಾಫಿ ಬಂತು. ಎಲ್ಲರೂ ಕುಡಿಯತೊಡಗಿದರು. ಬೀಗದವರು ಮಾತ್ರ ತಮ್ಮ ಕಪ್ಪನ್ನು ಮುಟ್ಟದೆ ಪಕ್ಕಕ್ಕಿಟ್ಟುಕೊಂಡು ಕೂತರು. ಹೊಗೆಯಾಡುವುದು ನಿಲ್ಲುವವರೆಗೆ ಕಾದರು. ಆಮೇಲೆ ಎರಡು ಕೈಗಳನ್ನೂ ಮೂಗಿನ ಹತ್ತಿರ ತಂದು ಮೂಸಿ, ಎರಡೂ ಕೈಯಲ್ಲಿ ಕಪ್ಪು ಹಿಡಿದು, ಒಂದೇ ಗುಟುಕಿಗೆ ಮುಗಿಸಿದರು.

ಸಪ್ಲೈಯರನ ಹೆಂಡತಿಯ ಕಣ್ಣುಗಳು ಅಗಲವಾದವು. ಬೀಗದವರನ್ನು ಹಿಂದೆಂದೂ ನೋಡಿದ ನೆನಪು ಅವಳಿಗಿರಲಿಲ್ಲ, ಆದರೆ ಈ ಕಾಫಿ ಕುಡಿಯುವುದನ್ನು ನೂರು ಸಲ ನೋಡಿದ್ದಳು. “ರೀ, ಇವರೇನಾ ಒಣ...” ಎಂದು ಪಿಸುಗುಟ್ಟುವುದರೊಳಗೆ ಅವನು ಅವಳ ಕಾಲು ತುಳಿದ. ಆಚೆ ಕುರ್ಚಿಯಲ್ಲಿದ್ದ ಮಗಳ ಮುಖ ಸುಣ್ಣದ ಹಾಗಾಗಿತ್ತು. ಅವಳು ಅಪ್ಪನನ್ನೇ ನೋಡುತ್ತಿದ್ದಳು.

ಹುಡುಗನ ತಾಯಿಗೆ ಇದೊಂದೂ ಗೊತ್ತಿಲ್ಲ. ಗಂಡ ಕಾಫಿ ಆರಿಸಿ ಕುಡಿದದ್ದಕ್ಕೆ ನೆಂಟರು ತಪ್ಪು ತಿಳಿದರೇನೋ ಎಂದು ಆಕೆ ಸಮಜಾಯಿಷಿ ಕೊಟ್ಟಳು. ಇವರು ಮೊದಲು ಹೀಗಿರಲಿಲ್ಲ, ಹೊಗೆ ಬರದಿದ್ದರೆ ಕಾಫಿ ಮುಟ್ಟುತ್ತಲೇ ಇರಲಿಲ್ಲ; ಎಂಟೊಂಬತ್ತು ವರ್ಷದಿಂದ ಏನಾಗಿದೆಯೋ, ಬಿಸಿಯದು ಕುಡಿದರೆ ನಾಲಗೆ ಸುಡುತ್ತೆ ಅನ್ನುತ್ತಾರೆ, ಆರಿದ್ದೇ ಅಭ್ಯಾಸವಾಗಿಬಿಟ್ಟಿದೆ ಎಂದಳು.

ಯಾರಾದರೂ ಕೆನ್ನೆಗೆ ಬಾರಿಸಿದ್ದರೂ ಸಪ್ಲೈಯರ್‌ಗೆ ಅಷ್ಟು ನೋವಾಗುತ್ತಿರಲಿಲ್ಲ. ಒಬ್ಬ ಮನುಷ್ಯನ ನಾಲಗೆಯನ್ನೇ ತಾನು ಬದಲಾಯಿಸಿಬಿಟ್ಟಿದ್ದೇನೆ ಎಂದು ಅವನಿಗೆ ಅನ್ನಿಸಿತು. ಕೈಯಲ್ಲಿದ್ದ ಕಪ್ಪನ್ನು ಒಂದು ಗುಟುಕೂ ಕುಡಿಯದೆ ಕೆಳಗಿಟ್ಟ.

ಆಗ ಬೀಗದವರು ಗಂಟಲು ಸರಿಮಾಡಿಕೊಂಡರು.

“ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತ ಒಂಬತ್ತು ವರ್ಷದಿಂದ ಇದೀನಿ. ಹೋಟೆಲಲ್ಲಿ ಕೇಳೋಕೆ ಬಾಯಿ ಬರ್ಲಿಲ್ಲ. ಈಗ ಮನೆಗೇ ಬಂದಿದೀರಿ. ನನ್ನಿಂದ ನಿಮಗೆ ಏನು ತಪ್ಪಾಯ್ತು?”

ಗುರುತು ಬಾಗಿಲಲ್ಲೇ ಹತ್ತಿತ್ತು. ಬೀಗದವರು ತಾವೇ ಮುಂದುವರಿಸಿದರು. ಮೊದಲ ಎರಡು ದಿನ ಕಾಫಿ ಬಿಸಿಯಾಗಿ ಬಂದಿತ್ತಂತೆ, ನೀವು ನಕ್ಕು ಮಾತಾಡಿಸಿದ್ದಿರಿ ಎಂದರು. ಮೂರನೆಯ ದಿನದಿಂದ ಕಾಫಿಯೂ ತಣ್ಣಗೆ, ಮುಖವೂ ತಣ್ಣಗೆ. ಪಕ್ಕದ ಮೇಜಿಗೆ ಬಿಸಿಯಾಗಿ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ತಾವು ಬಸಿಯ ಕೆಳಗೆ ಇಡುವ ದುಡ್ಡು ಸಾಲದೇನೋ ಎಂದುಕೊಂಡು ಸ್ವಲ್ಪ ಹೆಚ್ಚಿಗೆ ಇಡತೊಡಗಿದರಂತೆ.

“ವರ್ಷ ವರ್ಷ ಏರಿಸ್ತಾ ಬಂದೆ. ನಾನು ಏರಿಸಿದಷ್ಟೂ ಕಾಫಿ ಆರ್ತಾ ಬಂತು. ಆಮೇಲೆ ಅನ್ಸಿತು, ದುಡ್ಡಿನ ವಿಷ್ಯ ಅಲ್ಲ ಇದು, ನನ್ನ ಕೈಲಿ ಮಷಿನ್ ಎಣ್ಣೆ ವಾಸನೆ ಬರತ್ತೆ, ಅದಕ್ಕೆ ನಿಮಗೆ ಹೇಸಿಗೆ ಇರ್ಬೇಕು ಅಂತ. ಅಂಗಡಿ ಬಿಡೋ ಮುಂಚೆ ಸೋಪು ಹಾಕಿ ತೊಳ್ಕೊಂಡು ಬರೋಕೆ ಶುರು ಮಾಡಿದೆ. ಈಗ್ಲೂ ಕಪ್ಪು ಮುಟ್ಟೋ ಮುಂಚೆ ಒಂದ್ಸಲ ನೋಡ್ಕೋತೀನಿ, ವಾಸನೆ ಇದೆಯಾ ಅಂತ.”

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆ ಮೂಸುವುದನ್ನು ಅಪ್ಪನಿಗಿಂತ ಚೆನ್ನಾಗಿ ಮಾಡುತ್ತಿದ್ದವಳು ಅವಳು.

ಸಪ್ಲೈಯರನ ಕಿವಿಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿತ್ತು. ಬಸಿಯ ಕೆಳಗೆ. ಇಪ್ಪತ್ತಾರು ವರ್ಷದ ಪಂಡಿತ ಬಿಲ್ಲಿನ ತಟ್ಟೆಯನ್ನು ನೋಡಿದ, ಮೇಜಿನ ಮೇಲೆ ನೋಡಿದ, ಗಿರಾಕಿಯ ಮುಖ, ಜೇಬು, ಚಪ್ಪಲಿ ಎಲ್ಲವನ್ನೂ ನೋಡಿದ. ಬಸಿಯೊಂದನ್ನು ಎತ್ತಿ ನೋಡಲಿಲ್ಲ. ಮೊದಲ ಎರಡು ದಿನ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅದನ್ನು ಬೇರೆ ಯಾರೋ ಎತ್ತಿದ್ದರು, ಮೂರನೆಯ ದಿನದಿಂದ ಆ ಬಸಿಯನ್ನು ಮುಟ್ಟುವುದೇ ತನ್ನ ಮರ್ಯಾದೆಗೆ ಕಮ್ಮಿ ಎಂದುಕೊಂಡಿದ್ದ. ಶಿಕ್ಷೆ ಕೊಡುತ್ತಿದ್ದೇನೆಂದು ಬೀಗಿದ್ದೇ ಬೀಗಿದ್ದು, ಶಿಕ್ಷೆ ಯಾರಿಗಾಯಿತೋ ದೇವರೇ ಬಲ್ಲ.

ಅಷ್ಟರಲ್ಲಿ ಹುಡುಗನ ತಾಯಿ ನಡುವೆ ಬಾಯಿ ಹಾಕಿದಳು. ಹೋಟೆಲ್ ಎಂದ ಮೇಲೆ ನೂರು ಜನ ಬರುತ್ತಾರೆ, ಕೊನೆಯ ಮೇಜು, ಅಡುಗೆಮನೆ ದೂರ, ಕಾಫಿ ಬರುವುದರೊಳಗೆ ಆರುತ್ತದೆ, ಅದಕ್ಕೆ ಇವರನ್ನು ಯಾಕೆ ಹಿಡಿದು ಕೇಳುತ್ತೀರಿ ಎಂದು ಗಂಡನನ್ನು ಗದರಿಸಿದಳು. ಸಪ್ಲೈಯರನ ಹೆಂಡತಿ ಇದನ್ನು ಹಿಡಿದುಕೊಂಡು, ಹೌದು ಹೌದು, ಅಡುಗೆಮನೆ ತುಂಬಾ ದೂರ ಎಂದಳು. ಮಗಳು ಮುಖದಿಂದ ಕೈ ತೆಗೆದು ಅಪ್ಪನ ಕಡೆ ನೋಡಿದಳು. ಆ ನೋಟ ಬೇಡುತ್ತಿತ್ತು. ಒಂದು ಹೌದು ಅಂದುಬಿಡು ಅಪ್ಪ, ಅಷ್ಟೇ ಸಾಕು.

ಒಂದು ಹೌದು ಅಂದಿದ್ದರೆ ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಅವನ ನಾಲಗೆಯ ತುದಿಯವರೆಗೂ ಬಂತು. ಆದರೆ ಎದುರಿಗೆ ಕೂತ ಆ ಅರವತ್ತರ ಮನುಷ್ಯ, ಮೇಷ್ಟರು ಯಾಕೆ ಹೊಡೆದರೆಂದು ತಿಳಿಯದ ಮಗುವಿನಂತೆ ತಮ್ಮ ತಪ್ಪು ಯಾವುದೆಂದು ಕೇಳಿಸಿಕೊಳ್ಳಲು ಕಾಯುತ್ತಿದ್ದರು. ಒಂಬತ್ತು ವರ್ಷ ಕೈ ತೊಳೆದುಕೊಂಡು ಬಂದವರಿಗೆ ಅಡುಗೆಮನೆ ದೂರ ಎಂದು ಹೇಳುವುದು ಅವನಿಂದ ಆಗಲಿಲ್ಲ.

“ಅಡುಗೆಮನೆ ದೂರ ಇಲ್ಲ. ನಿಮ್ಮ ಮೇಜಿಂದ ಎಂಟು ಹೆಜ್ಜೆ” ಎಂದ. “ನಾನು ಬೇಕು ಅಂತಲೇ ಆರಿಸಿ ತರ್ತಿದ್ದೆ. ನೀವು ಏನೂ ಕೊಡಲ್ಲ ಅಂದ್ಕೊಂಡಿದ್ದೆ. ಬಸಿ ಕೆಳಗೆ ಇಡ್ತೀರಿ ಅಂತ ನಂಗೆ ಈಗ್ಲೇ ಗೊತ್ತಾಗಿದ್ದು. ನಿಮ್ಮ ಬಸಿ ನಾನು ಎತ್ತಿದ್ದೇ ಇಲ್ಲ.”

ಹೇಳಲು ಶುರುಮಾಡಿದವನು ಎಲ್ಲವನ್ನೂ ಹೇಳಿದ. ಒಣಮೇಜು ಎಂದು ಹೆಸರಿಟ್ಟದ್ದು, ಕಿಂಡಿಯಲ್ಲಿ ಕೂಗಿದ್ದು, ಮನೆಯಲ್ಲಿ ನಟನೆ ಮಾಡಿ ಹೆಂಡತಿ ಮಗಳನ್ನು ನಗಿಸಿದ್ದು. ಇದರಲ್ಲಿ ಮಗಳ ತಪ್ಪಿಲ್ಲ, ಕಲಿಸಿದವನು ನಾನು ಎಂದ. ನಿಮ್ಮ ಕೈಯಲ್ಲಿ ಯಾವ ವಾಸನೆಯೂ ಇಲ್ಲ, ವಾಸನೆ ನೋಡುವಷ್ಟು ಹತ್ತಿರಕ್ಕೇ ನಾನು ಬಂದಿಲ್ಲ ಎಂದ. ಕೊನೆಗೆ ಮಾತು ಮುಗಿದು, ಬೆವರು ಒರೆಸಿಕೊಂಡು ಕೂತ. ಕತ್ತು ಕೊಡುವುದು ಕೊಟ್ಟಾಯಿತು, ಇನ್ನು ಹೇಗೆ ಬೇಕಾದರೂ ಆಗಲಿ ಎನ್ನುವ ಹಗುರ ಅವನಿಗೆ ಅಷ್ಟರಲ್ಲೇ ಬಂದಿತ್ತು. ಮಗಳ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಬೀಗದವರು ಕೇಳಿದ ಮೊದಲ ಪ್ರಶ್ನೆ ಬೇರೆಯದೇ ಆಗಿತ್ತು. ಹಾಗಾದರೆ ಇಷ್ಟು ದಿನ ಬಸಿಯ ಕೆಳಗಿದ್ದದ್ದು ಯಾರಿಗೆ ಸೇರಿತು ಎಂದರು.

ಸಪ್ಲೈಯರ್‌ಗೆ ಆಗ ತಟ್ಟೆಯಕ್ಕ ನೆನಪಾದಳು. ಜೊತೆಗೇ ಇನ್ನೊಂದು ಮಾತೂ ನೆನಪಾಯಿತು. ಆ ಮೇಜನ್ನು ಅವಳಿಗೆ ಬಿಟ್ಟುಕೊಟ್ಟ ದಿನ ಅವನೇ ನಾಲ್ಕು ಜನರ ಮುಂದೆ, ಅಲ್ಲಿ ಏನು ಸಿಕ್ಕರೂ ಪೂರ್ತಿ ನಿನಗೇ, ನಾನು ಪಾಲು ಕೇಳುವುದಿಲ್ಲ ಎಂದು ಗೇಲಿ ಮಾಡಿ ಎಲ್ಲರನ್ನೂ ನಗಿಸಿದ್ದ. ಆಕೆ ನಗಲಿಲ್ಲ. ಮಾತು ಮಾತೇ ಎಂದು ತೆಗೆದುಕೊಂಡಳು. ಆ ಮೇಜನ್ನು ಆಕೆ ಎರಡು ಸಲ ಒರೆಸುವುದು, ಚೀಲ ಇಡುವ ಕುರ್ಚಿಯನ್ನು ಸೆರಗಿನಿಂದ ಕೊಡವುವುದು, ಆ ಯಜಮಾನರು ದೇವರಂಥವರು ಅನ್ನುವುದು, ಇದನ್ನೆಲ್ಲ ಅವನು ಪೆದ್ದುತನ ಎಂದುಕೊಂಡಿದ್ದ. ಈಗ ಅವಳ ಹೆಸರಿಗೆ ಒಂದು ಕಳಂಕವೂ ತಾಗದ ಹಾಗೆ ಇದನ್ನು ಬಿಡಿಸಿ ಹೇಳಿದ. ಆಕೆ ಕದಿಯಲಿಲ್ಲ, ಕೊಟ್ಟವನು ನಾನೇ, ಕೊಡುತ್ತಿದ್ದೇನೆ ಎಂದು ತಿಳಿಯದೆ ಕೊಟ್ಟೆ ಎಂದ.

ಬೀಗದವರು ತಮ್ಮ ಕಾರಣ ಹೇಳಿದರು. ಬಿಲ್ಲಿನ ತಟ್ಟೆಯಲ್ಲಿಟ್ಟರೆ ಗಲ್ಲಾದಲ್ಲಿ ಕೂತ ಯಜಮಾನನ ಕಣ್ಣಿಗೆ ಬೀಳುತ್ತದೆ, ಕೈಗೆ ಕೊಡೋಣವೆಂದರೆ ಭಿಕ್ಷೆ ಹಾಕಿದಂತಾಗುತ್ತದೆ, ಅದಕ್ಕೇ ಬಸಿಯ ಕೆಳಗೆ ಇಡುತ್ತಿದ್ದೆ, ನನಗೆ ಮುಚ್ಚಿಡುವುದೇ ಕಸುಬು ಎಂದರು. ಎಂಜಲು ಎತ್ತುವವಳಿಗೆ ಹೋಗಿದ್ದರೆ ಹೋದದ್ದು ಒಳ್ಳೆಯದೇ ಆಯಿತು ಎಂದರು. ಅಷ್ಟು ಹೇಳಿ ಎದ್ದು ಒಳಕೋಣೆಗೆ ಹೋಗಿಬಿಟ್ಟರು.

ಒಳಗಿನಿಂದ ಏನೋ ಡಬ್ಬಿ ಕೆದಕುವ ಸದ್ದು ಬರುತ್ತಿತ್ತು. ಮಾತುಕತೆಯ ನಡುವೆ ಎದ್ದು ಹೋದರೆಂದರೆ ಮುಗಿಯಿತೆಂದೇ ಎಲ್ಲರೂ ತಿಳಿದರು. ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಹುಡುಗ ಬಣ್ಣ ಕೆರೆಯುವುದನ್ನು ಬಿಟ್ಟು ಅವಳ ಕುರ್ಚಿಯ ಹಿಂದೆ ಬಂದು ನಿಂತ. ಅವನ ತಾಯಿ ಸಪ್ಲೈಯರನ ಕಪ್ಪು ನೋಡಿ, ಆರಿಹೋಗಿದೆ, ಬಿಸಿ ಮಾಡಿ ತರುತ್ತೇನೆ ಎಂದಳು. ಬೇಡಮ್ಮ, ಇದು ನನ್ನ ಪಾಲಿನದು ಎಂದು ಸಪ್ಲೈಯರ್ ಆ ಕಾಫಿಯನ್ನು ಹಾಗೇ ಕುಡಿದ. ತಣ್ಣನೆಯ ಕಾಫಿಯ ರುಚಿ ಅವನಿಗೆ ಗೊತ್ತೇ ಇರಲಿಲ್ಲ. ಕುಡಿಯಲಾಗದಷ್ಟು ಕೆಟ್ಟದಾಗಿತ್ತು.

ಬೀಗದವರು ಹೊರಗೆ ಬಂದಾಗ ಅವರ ಒಂದು ಕೈಯಲ್ಲಿ ಒಂದು ಬೀಗದಕೈ, ಇನ್ನೊಂದರಲ್ಲಿ ಲೋಹ ಉಜ್ಜುವ ಸಣ್ಣ ಅರ ಇತ್ತು. ಬೀಗದಕೈಯನ್ನು ಸಪ್ಲೈಯರನ ಅಂಗೈಯಲ್ಲಿಟ್ಟು, ಏನಾದರೂ ಕಾಣುತ್ತದೆಯೇ ನೋಡಿ ಎಂದರು. ಅವನಿಗೆ ಏನೂ ಕಾಣಲಿಲ್ಲ.

“ಕಾಣಲ್ಲ. ಅದೇ ಅದರ ಗುಟ್ಟು” ಎಂದರು ಬೀಗದವರು. “ಇದಕ್ಕೆ ನಮ್ಮ ಅಂಗಡಿಲಿ ಮೊಂಡ ಅಂತೀವಿ.”

ಅಂಗಡಿಯ ಗುಟ್ಟು ಬಿಡಬೇಡಿ ಎನ್ನುವಂತೆ ಹುಡುಗ ‘ಅಪ್ಪಾ’ ಎಂದು ನರಳಿದ. ಅವರು ಕೇಳಲೊಲ್ಲರು. ನಾಲ್ಕು ವಾಕ್ಯಕ್ಕಿಂತ ಹೆಚ್ಚು ಮಾತಾಡದ ಮನುಷ್ಯ ಅಂದು ಕಟ್ಟೆಯೊಡೆದವರ ಹಾಗೆ ಮಾತಾಡಿದರು. ಮನೆ ಬೀಗ ಬಿದ್ದು ಹೊರಗೆ ನಿಂತವರು, ಅಣ್ಣಾ ಹೇಗಾದರೂ ತೆಗೆಯಿರಿ, ಕೇಳಿದ್ದು ಕೊಡುತ್ತೇವೆ ಎನ್ನುತ್ತಾರೆ. ಬಾಗಿಲು ತೆರೆದ ಮರುಕ್ಷಣ, ಎರಡು ನಿಮಿಷದ ಕೆಲಸಕ್ಕೆ ಇಷ್ಟೊಂದಾ ಎಂದು ಚೌಕಾಸಿಗೆ ಇಳಿಯುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಅಂಥವರೊಂದಿಗೆ ಜಗಳವಾಡುವ ನಾಲಗೆ ತಮಗಿಲ್ಲ. ಅವರು ಇನ್ನೊಂದು ಬೀಗದಕೈ ಮಾಡಿಕೊಡಿ ಎಂದಾಗ ಇವರು ಅರದಿಂದ ಒಂದು ಉಜ್ಜು ಕಡಿಮೆ ಉಜ್ಜಿ ಕೊಡುತ್ತಾರೆ. ಬೀಗ ತೆರೆಯುತ್ತದೆ, ಆದರೆ ಪ್ರತಿಸಲ ಸ್ವಲ್ಪ ಎತ್ತಿ, ಅಲ್ಲಾಡಿಸಿ, ಬೇಡಿಕೊಂಡು ತಿರುಗಿಸಬೇಕು. ಇಪ್ಪತ್ತೈದು ವರ್ಷದಲ್ಲಿ ಊರಿನ ಎಷ್ಟು ಬಾಗಿಲಲ್ಲಿ ಎಷ್ಟು ಮೊಂಡಗಳಿವೆಯೋ ಲೆಕ್ಕವಿಲ್ಲ. ಅವರಲ್ಲಿ ಎಷ್ಟು ಜನ ನಿಜವಾಗಿ ಜಿಪುಣರೋ, ಎಷ್ಟು ಜನರ ಕೈಯಲ್ಲಿ ಅಂದು ಅಷ್ಟೇ ಇತ್ತೋ, ಅದನ್ನೂ ಕೇಳಿದವರಲ್ಲ.

“ನಿಮ್ಮೊಬ್ಬರ ಬಾಯಿಂದ ಹೊರಗೆ ಬಂದು ನಂದು ಒಳಗೇ ಉಳಿದ್ರೆ ಸರಿಯಲ್ಲ ಅಂತ ತಂದೆ” ಎಂದು ಬೀಗದವರು ಕೂತರು.

ಅವರ ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೇ ಗೊತ್ತಿಲ್ಲವಲ್ಲ ಎಂದಳು. ಸಪ್ಲೈಯರನಿಗೆ ಹೊಟ್ಟೆಯ ಆಳದಿಂದ ನಗು ಎದ್ದಿತು. ಅದನ್ನು ತಡೆಯಲು ನೋಡಿ ಕೆಮ್ಮಿದ, ಕೆಮ್ಮು ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು. ಬೀಗದವರೂ ನಕ್ಕರು, ಸದ್ದಿಲ್ಲದೆ, ಭುಜ ಕುಲುಕಿಸುತ್ತ. ಬಾಗಿಲು ತೆರೆದಾಗಿನಿಂದ ಎದೆಯ ಮೇಲೆ ಕೂತಿದ್ದ ಬೀಸುಗಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು ಅವನಿಗೆ. ಒಬ್ಬರ ಮುಂದೆ ಒಬ್ಬರು ಇಷ್ಟು ಸಣ್ಣವರಾದ ಮೇಲೆ ಇನ್ನು ಅಂಜುವುದಕ್ಕೇನಿತ್ತು.

ನಗುವಿನ ನಡುವೆ ಸಪ್ಲೈಯರನ ಹೆಂಡತಿ ಮೆಲ್ಲನೆ ತನ್ನ ಕೈಚೀಲದಿಂದ ಮನೆಯ ಬೀಗದಕೈ ತೆಗೆದಳು. ಇದನ್ನೂ ಎತ್ತಿ ಅಲ್ಲಾಡಿಸಿಯೇ ತಿರುಗಿಸಬೇಕು, ನಾಲ್ಕು ವರ್ಷದ ಹಿಂದೆ ಕೆಳಗಿನ ಅಂಗಡಿಯಲ್ಲೇ ಮಾಡಿಸಿದ್ದು ಇರಬಹುದು, ಅಂದು ನಾನು ಸ್ವಲ್ಪ ಚೌಕಾಸಿ ಮಾಡಿದ್ದೆ ಎಂದಳು. ಎಷ್ಟು ಸ್ವಲ್ಪ ಎಂದು ಗಂಡ ಕೇಳಿದ. ಅರ್ಧಕ್ಕರ್ಧ ಎಂದಳು. ಬೀಗದವರು ಕೈ ಚಾಚಿ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಅವರ ಕಿವಿ ಕೆಂಪಾಯಿತು. ಅರ ಹಿಡಿದು ಅಲ್ಲೇ ಉಜ್ಜತೊಡಗಿದರು.

ಅಲ್ಲಿಂದ ಮುಂದೆ ಇಬ್ಬರು ಗಂಡಸರಿಗೂ ಲೋಕದ ಪರಿವೆಯೇ ಇರಲಿಲ್ಲ. ಬೆರಳು ಚಿಟಿಕೆ ಹೊಡೆದು ಕರೆಯುವವರಿಗೆ ಏನು ಮಾಡುತ್ತೀರಿ ಎಂದು ಬೀಗದವರು ಕೇಳಿದರು. ಸಪ್ಲೈಯರ್ ಹೇಳಿದ. ಬೀಗ ತೆಗೆಯುವಾಗ ಹಿಂದೆ ನಿಂತು ಹಾಗಲ್ಲ ಹೀಗೆ ಎಂದು ಪಾಠ ಹೇಳುವವರಿಗೆ ಏನು ಮಾಡುತ್ತೀರಿ ಎಂದು ಸಪ್ಲೈಯರ್ ಕೇಳಿದ. ಬೀಗದವರು ಹೇಳಿದರು. ಒಬ್ಬರ ಮಾತಿಗೆ ಒಬ್ಬರು ತೊಡೆ ತಟ್ಟಿ, ಇದು ತಪ್ಪು, ಇನ್ನು ಮೇಲೆ ಮಾಡಬಾರದು ಎಂದು ಒಪ್ಪಿಕೊಂಡು, ಮುಂದಿನದನ್ನು ಹೇಳುತ್ತಿದ್ದರು.

ಮಗಳು ಸ್ವಲ್ಪ ಹೊತ್ತು ಕಾದಳು. ಮತ್ತಷ್ಟು ಹೊತ್ತು ಕಾದಳು. ಕೊನೆಗೆ ಎದ್ದು ನಿಂತು, ಕನ್ನಡಕ ಒರೆಸಿ ಹಾಕಿಕೊಂಡು, ಬೀಗದವರನ್ನೇ ಕೇಳಿದಳು.

“ಮಾವ, ನಮ್ಮ ವಿಷಯ ಏನಾಯ್ತು?”

ಇನ್ನೂ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ. ಮಾವ ಎಂದದ್ದು ಅವಳಿಗೇ ಆಮೇಲೆ ಕೇಳಿಸಿ ನಾಲಗೆ ಕಚ್ಚಿಕೊಂಡಳು. ಬೀಗದವರು ಉಜ್ಜುವುದನ್ನು ನಿಲ್ಲಿಸಿ, ಅರದ ಪುಡಿಯನ್ನು ಊದಿ, ತಲೆಯೆತ್ತಿ ಅವಳನ್ನು ನೋಡಿದರು.

“ಅದಾ? ಅಡುಗೆಮನೆ ದೂರ ಇಲ್ಲ ಅಂತ ನಿಮ್ಮಪ್ಪ ಅಂದ್ರಲ್ಲ, ಆಗ್ಲೇ ಆಯ್ತಲ್ಲಮ್ಮ ಅದು. ಸ್ವಲ್ಪ ಕೂತ್ಕೋ, ನಾವು ಕಸುಬಿನ ವಿಷ್ಯ ಮಾತಾಡ್ತಿದೀವಿ” ಎಂದು ಮತ್ತೆ ಅರ ಹಿಡಿದು, ಬೀಗರ ಕಡೆಗೆ ತಿರುಗಿದರು.